ಭಾವ ಕೊಟ್ಟ ಕಿಡ್ನಿ

ಡಾಕ್ಟರಮ್ಮ ಊಟದ ಡಬ್ಬಿಯ ಮುಚ್ಚಳ ತೆಗೆದಿದ್ದಷ್ಟೇ, ಕೆಳಗಿನ ತುರ್ತು ವಿಭಾಗದಿಂದ ಕೂಗು ಕೇಳಿಸಿತು. ಮೆಟ್ಟಿಲಿಳಿದು ಓಡಿದಾಗ ಬಾಗಿಲಲ್ಲಿ ಸಣಕಲು ಆಸಾಮಿಯೊಬ್ಬ ತನಗಿಂತ ಎರಡರಷ್ಟಿದ್ದ ಗಂಡಸನ್ನು ಬೆನ್ನ ಮೇಲೆ ಹೊತ್ತು ನಿಂತಿದ್ದ. ಇಬ್ಬರ ಅಂಗಿಯೂ ರಕ್ತದಲ್ಲಿ ತೊಯ್ದು ತೊಪ್ಪೆಯಾಗಿತ್ತು. ಗಾಯ ಯಾರದೆಂದು ತಿಳಿಯಲು ಇಬ್ಬರನ್ನೂ ಬಿಡಿಸಿ ನೋಡಬೇಕಾಯಿತು. ದಪ್ಪಗಿದ್ದವನ ಎಡ ಪಕ್ಕೆಲುಬಿನ ಕೆಳಗೆ ಬಾಯಿ ತೆರೆದ ಮೀನಿನಂಥ ಸೀಳು.

"ಯಾರಯ್ಯಾ ಚಾಕು ಹಾಕಿದ್ದು?" ಕಾವಲುಗಾರ ಗದರಿದ.

"ನಾನೇ," ಎಂದ ಸಣಕಲ. ಅವನ ಹಲ್ಲು ಕಟಕಟ ಅನ್ನುತ್ತಿದ್ದವು. "ಆಮೇಲೆ ಹಿಡ್ಕೊಳ್ಳಿ ನನ್ನ, ಎಲ್ಲೂ ಓಡಲ್ಲ. ಡಾಕ್ಟ್ರೇ, ಮೊದ್ಲು ಇದು ಕೇಳಿ. ನಮ್ಮ ಭಾವಂಗೆ ಇರೋದು ಒಂದೇ ಕಿಡ್ನಿ. ಇನ್ನೊಂದು ನನ್ನ ಹೊಟ್ಟೇಲಿದೆ."

ಇಷ್ಟು ವರ್ಷ ಹೊಟ್ಟೆ ಕೊಯ್ದು ಹೊಲಿದ ಡಾಕ್ಟರಮ್ಮನಿಗೆ ಇಂಥ ಮಾತು ಹೊಸದು. ಆದರೆ ನಿಂತು ಬೆರಗಾಗುವ ಹೊತ್ತಲ್ಲ. ಗಾಯಕ್ಕೆ ಬಟ್ಟೆ ಒತ್ತಿ, ಎರಡೂ ಕೈಗೆ ಡ್ರಿಪ್ ಹಾಕಿಸಿ, ಗಾಯಾಳುವನ್ನು ಸ್ಕ್ಯಾನಿಂಗ್‌ಗೆ ಕಳಿಸಿದಳು. ಭಾಮೈದನನ್ನು ಕಾವಲುಗಾರ ಆಪರೇಷನ್ ಥಿಯೇಟರಿನ ಹೊರಗಿನ ಬೆಂಚಿನ ಮೇಲೆ ಕೂರಿಸಿ, ಪೊಲೀಸರಿಗೆ ಫೋನು ಮಾಡಿ, ಪಕ್ಕದಲ್ಲಿ ನಿಂತ.

ಅಷ್ಟರಲ್ಲಿ ಗಾಯಾಳುವಿನ ಹೆಂಡತಿ ಬಂದಳು. ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಬೆಂಚಿನ ಮೇಲಿದ್ದ ತಮ್ಮನನ್ನು ಕಂಡದ್ದೇ ಅವನ ತಲೆಗೂದಲು ಹಿಡಿದು ಗೋಡೆಗೆ ಜಜ್ಜಿದಳು. "ಉಂಡ ಮನೆ ಜಂತೆ ಎಣಿಸೋನೇ! ನಿನ್ನ ಹೆತ್ತ ಹೊಟ್ಟೆಗಿಷ್ಟು..." ಎನ್ನಹೋಗಿ, ಆ ಹೊಟ್ಟೆಯಲ್ಲೇ ತಾನೂ ಹುಟ್ಟಿದ್ದು ನೆನಪಾಗಿಯೋ ಏನೋ, ಅಲ್ಲೇ ಕುಸಿದಳು. ಅವನು ತಲೆ ತಗ್ಗಿಸಿ ಹೊಡೆಸಿಕೊಂಡ.

ನಡೆದದ್ದನ್ನು ಅವಳೇ ಡಾಕ್ಟರಮ್ಮನಿಗೆ ಬಿಕ್ಕುತ್ತ ಹೇಳಿದಳು. ಗಂಡನದು ಲಾರಿ, ಬಸ್ಸುಗಳ ಸೀಟು ಹೊಲಿಯುವ ಅಂಗಡಿ. ಊರೆಲ್ಲ ಅವನನ್ನು ಮೇಸ್ತ್ರಿ ಎನ್ನುತ್ತಿತ್ತು. ತಮ್ಮ ಅದೇ ಅಂಗಡಿಯಲ್ಲಿ ರೆಕ್ಸಿನ್ ಕತ್ತರಿಸುತ್ತಿದ್ದ. ಅವನ ಎರಡೂ ಕಿಡ್ನಿ ಕೈಕೊಟ್ಟಾಗ ಅಕ್ಕನದು ಹೊಂದಲಿಲ್ಲ, ಭಾವನದು ಹೊಂದಿತು. ಮೇಸ್ತ್ರಿ ಎರಡನೇ ಮಾತಾಡದೆ ಕೊಟ್ಟ. ಜನ ಹೊಗಳಿದ್ದೇ ಹೊಗಳಿದ್ದು. ಆಮೇಲೆ ಶುರುವಾಯಿತು ನೋಡಿ. ಮಗಳನ್ನು ಕೊಟ್ಟ ಮನೆಯ ಮೇಲೆ ಅಪ್ಪ ಕಣ್ಣಿಟ್ಟಂತೆ ಮೇಸ್ತ್ರಿ ಭಾಮೈದನ ಹೊಟ್ಟೆಯ ಮೇಲೆ ಕಣ್ಣಿಟ್ಟ. ನೀರು ಕುಡಿದ್ಯಾ? ಮಾತ್ರೆ ನುಂಗಿದ್ಯಾ? ಉಪ್ಪು ಯಾಕೆ ಹಾಕ್ಕೊಂಡೆ? ಬಂದ ಗಿರಾಕಿಗಳ ಮುಂದೆಯೇ ಭಾಮೈದನ ಹೊಟ್ಟೆ ತಟ್ಟಿ, "ಇಲ್ಲಿರೋದು ನಂದು," ಎನ್ನುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಇಲ್ಲಿ ಅದು ತಲೆಕೆಳಗಾಗಿತ್ತು. ಇಸ್ಕೊಂಡವನೇ ದಿನಾ ಕೋಡಂಗಿಯಾಗುತ್ತಿದ್ದ. ನಗೆ ಮರೆಯಲು ಕದ್ದು ಕುಡಿಯತೊಡಗಿದ.

ಆ ದಿನ ಬೆಳಿಗ್ಗೆಯೇ ವಾಸನೆ ಹೊಡೆಯಿತು. ಮೇಸ್ತ್ರಿ ಅಂಗಡಿ ತುಂಬ ಜನರಿದ್ದಾಗ ಕಪಾಳಕ್ಕೆ ಬಾರಿಸಿದ. ಒಂದಲ್ಲ, ಕೈ ಸೋಲುವಷ್ಟು. "ನನ್ನ ಮಾಂಸ ಇಟ್ಕೊಂಡು ಹೆಂಡ ಸುರೀತೀಯಾ? ವಾಪಸ್ ಕೊಡು ನಂದು! ಕೊಡು!" ಎಂದು ಅವನ ಅಂಗಿ ಹಿಡಿದೆಳೆದ. ಭಾಮೈದನ ಕೈಯಲ್ಲಿ ರೆಕ್ಸಿನ್ ಕತ್ತರಿಸುವ ಚಾಕು ಹಾಗೇ ಇತ್ತು. "ತಗೋ," ಎಂದ. ಹಿಡಿಯವರೆಗೂ ನುಗ್ಗಿತು.

*

ಸ್ಕ್ಯಾನಿಂಗ್‌ನಲ್ಲಿ ಹೊಟ್ಟೆಯೊಳಗೆ ಒಂದಿಷ್ಟು ರಕ್ತ ಕಂಡಿತು. ಬಲಗಡೆ ಉಳಿದಿದ್ದ ಒಂಟಿ ಕಿಡ್ನಿಗೆ ಪೆಟ್ಟಾಗಿರಲಿಲ್ಲ. ನಾಡಿ ಬಿರುಸಾಗಿದ್ದರೂ ರಕ್ತದೊತ್ತಡ ಕುಸಿದಿರಲಿಲ್ಲ.

ಆಸ್ಪತ್ರೆಯ ಹಿರಿಯ ಸರ್ಜನ್ನರಿಗೆ ಬೆನ್ನ ಹಿಂದೆ ಎಲ್ಲರೂ ಬಿರುಗಾಳಿ ಎನ್ನುತ್ತಿದ್ದರು. ಬೇರೆಯವರು ಕೈ ತೊಳೆದು ಮುಗಿಸುವಷ್ಟರಲ್ಲಿ ಅವರ ಆಪರೇಷನ್ ಅರ್ಧ ಆಗಿರುತ್ತಿತ್ತು. ಡಾಕ್ಟರಮ್ಮನಿಗೆ ಅವರೇ ಕಲಿಸಿದವರು. ಡಾಕ್ಟರಮ್ಮನಿಗೂ ಒಂದು ಅಡ್ಡಹೆಸರಿತ್ತು, 'ಎಂಟು ಮೇಡಂ'. ಅದಕ್ಕೆ ಕಾರಣ ಈ ಇಬ್ಬರ ಹಳೇ ಜಗಳ.

ಹೊಟ್ಟೆಗೆ ಸಣ್ಣ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ಮಾಡುವ ಆಪರೇಷನ್‌ಗೆ ಒಳಗೆ ಜಾಗ ಬೇಕು. ಅದಕ್ಕೆ ಯಂತ್ರದಿಂದ ಗ್ಯಾಸ್ ತುಂಬಿ ಹೊಟ್ಟೆಯನ್ನು ಡೇರೆಯಂತೆ ಎಬ್ಬಿಸುತ್ತಾರೆ. ಬಿರುಗಾಳಿ ಯಂತ್ರದ ಒತ್ತಡದ ಅಂಕಿಯನ್ನು ಹದಿನೈದಕ್ಕೆ ಇಡುತ್ತಿದ್ದರು. ಹೊಟ್ಟೆ ಗಟ್ಟಿಯಾಗಿ ಉಬ್ಬಿ ಎಲ್ಲ ನಿಚ್ಚಳವಾಗಿ ಕಾಣುತ್ತದೆ, ಕೆಲಸ ಬೇಗ ಆಗುತ್ತದೆ. ಡಾಕ್ಟರಮ್ಮ ಎಂಟಕ್ಕಿಂತ ಮೇಲೆ ಹೋಗಲು ಬಿಡುತ್ತಿರಲಿಲ್ಲ. ಆ ಗ್ಯಾಸ್ ಕಣ್ಣಿಗೆ ಕಾಣದ ಕೈ, ಅದು ಕರುಳಿನ ಕತ್ತನ್ನೂ ಕಿಡ್ನಿಯ ಕತ್ತನ್ನೂ ಒಟ್ಟಿಗೇ ಹಿಸುಕುತ್ತದೆ ಎಂಬುದು ಅವಳ ವಾದ. ಹಿಸುಕಿದಾಗ ರಕ್ತ ನಿಲ್ಲುತ್ತದೆ, ತಟ್ಟನೆ ಬಿಟ್ಟಾಗ ರಕ್ತ ನುಗ್ಗಿ ಬಂದು ಇನ್ನೊಂದು ಪೆಟ್ಟು ಕೊಡುತ್ತದೆ. ಒಣ, ತಣ್ಣನೆ ಗ್ಯಾಸಾದರೆ ಒಳಪೊರೆ ಸುಟ್ಟ ಹಾಗೆ ಒಣಗುತ್ತದೆ. ಎರಡು ಕಿಡ್ನಿಯಿದ್ದ ಗಟ್ಟಿ ದೇಹ ಇದನ್ನೆಲ್ಲ ತಾಳಿಕೊಂಡು ಎದ್ದು ಮನೆಗೆ ಹೋಗುತ್ತದೆ. ತಾಳಿಕೊಂಡಿತು ಅಂದಮಾತ್ರಕ್ಕೆ ಹೊಡೆತ ಬಿದ್ದಿಲ್ಲ ಅಂತಲ್ಲವಲ್ಲ.

"ಏನಮ್ಮಾ, ಇರಿತದ ಕೇಸು. ಉದ್ದಕ್ಕೆ ಸೀಳಿ ನೋಡಿಬಿಡು," ಎಂದರು ಬಿರುಗಾಳಿ, ಕೈ ತೊಳೆಯುತ್ತ.

"ಒಳಗೆ ಏನಾಗಿದೆ ಅಂತ ನೋಡೋದಕ್ಕೋಸ್ಕರ ಇನ್ನೊಂದು ಸಲ ಇರಿದ ಹಾಗಾಗುತ್ತೆ ಸರ್. ಬಿಪಿ ಕುಸಿದಿಲ್ಲ. ಕ್ಯಾಮೆರಾ ಹಾಕ್ತೀನಿ. ಕೈ ಮೀರಿದ್ರೆ ಸೀಳ್ತೀನಿ."

"ಕ್ಯಾಮೆರಾ ಹಾಕೋದಾದ್ರೆ ಸರಿಯಾಗಿ ಉಬ್ಬಿಸು. ನಿನ್ನ ಎಂಟು ಹಿಡ್ಕೊಂಡು ರಕ್ತದ ಮಡುವಲ್ಲಿ ತಡಕಾಡ್ಬೇಡ."

"ಒಂದೇ ಕಿಡ್ನಿ ಸರ್ ಇವನಿಗೆ. ರಕ್ತ ಬೇರೆ ಹೋಗಿದೆ. ಇವತ್ತು ಎಂಟೇ."

ಅವರು ಮೂಗು ಮುರಿದರು. ಆದರೆ ಹೋಗಲಿಲ್ಲ, ಬಾಗಿಲ ಬಳಿ ಕೈಕಟ್ಟಿ ನಿಂತರು.

ಮತ್ತು ಬರಿಸುವ ಡಾಕ್ಟರು ಗುಂಡಗಿನ ನಗೆಗಾರ. "ನೀವು ಎಂಟು ಅಂದ್ರೆ ನಾನು ಹೊಟ್ಟೆನ ಹತ್ತಿ ಥರ ಮೆತ್ತಗೆ ಮಾಡಿಕೊಡ್ಬೇಕು. ಎಲ್ಲಾ ಪಾಪ ನನ್ನ ತಲೆಗೇ," ಎಂದು ಗೊಣಗುತ್ತ ಸ್ನಾಯು ಸಡಿಲಿಸುವ ಔಷಧಿಯನ್ನು ಅಳೆದು ಬಿಟ್ಟರು. ಹೊಟ್ಟೆಯ ಗೋಡೆ ಸಡಿಲವಾದರೆ ಕಡಿಮೆ ಗ್ಯಾಸಿಗೂ ಅದು ಮೇಲೇಳುತ್ತದೆ. ಬೆಚ್ಚಗೆ ಮಾಡಿ ತೇವ ಬೆರೆಸಿದ ಗ್ಯಾಸ್ ಮೆಲ್ಲಗೆ ಒಳಗಿಳಿಯಿತು. ಎದೆಯ ಕಡೆ ಏನೂ ತೊಂದರೆ ಕಾಣಲಿಲ್ಲ. ಪರದೆಯ ಮೇಲೆ ಮೇಸ್ತ್ರಿಯ ಒಳಗು ತೆರೆದುಕೊಂಡಿತು.

ರಕ್ತ, ಹೆಪ್ಪುಗಟ್ಟಿದ್ದು ಮತ್ತು ಹಸಿಯದು. ಡಾಕ್ಟರಮ್ಮ ಅದನ್ನು ಹೀರಿ ತೆಗೆದಳು. ಸಣ್ಣ ಕರುಳಿನ ಒಂದು ಸುತ್ತಿನಲ್ಲಿ ಚಾಕು ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬಂದಿತ್ತು. ಕರುಳನ್ನು ಹಿಡಿದ ಪೊರೆಯಲ್ಲಿ ಎಲ್ಲಿಂದಲೋ ಮತ್ತೆ ಮತ್ತೆ ಕಪ್ಪು ರಕ್ತ ಒಸರುತ್ತಿತ್ತು.

"ಕಾಣಿಸ್ತಿದೆಯಾ? ಕಾಣಿಸ್ತಿಲ್ಲ. ಹದಿನೈದು ಮಾಡು!" ಬಿರುಗಾಳಿ ಹಿಂದಿನಿಂದ ಗುಡುಗಿದರು.

ನಿಜಕ್ಕೂ ಕಾಣಿಸುತ್ತಿರಲಿಲ್ಲ. ಒಂದು ಗುಂಡಿ ಒತ್ತಿದರೆ ಸಾಕು, ಹೊಟ್ಟೆ ಎದ್ದು ಎಲ್ಲ ಬಯಲಾದೀತು. ಅವಳು ಟೇಬಲ್ ಬಲಕ್ಕೆ ವಾಲಿಸಿ ಎಂದಳು. ಕರುಳೆಲ್ಲ ಆ ಕಡೆ ಸರಿಯಿತು. ಹಿರಿಯ ಸಿಸ್ಟರ್‌ಗೆ ಹೊಕ್ಕುಳ ಪಕ್ಕದ ಚರ್ಮವನ್ನು ಇಕ್ಕುಳದಲ್ಲಿ ಹಿಡಿದು ಮೇಲಕ್ಕೆತ್ತಲು ಹೇಳಿದಳು. ಇನ್ನೊಂದು ಅಂಗುಲ ಜಾಗ ಸಿಕ್ಕಿತು. ಪೊರೆಯ ಮಡಿಕೆ ಬಿಡಿಸಿದಾಗ ಅಡಗಿ ಕೂತಿದ್ದ ಸಣ್ಣ ರಕ್ತನಾಳ ಸಿಕ್ಕಿಬಿತ್ತು. ಕ್ಲಿಪ್ ಬಿತ್ತು. ಒಸರು ನಿಂತಿತು.

ಬಿರುಗಾಳಿ ಪರದೆಗೆ ಕಣ್ಣು ಕೀಲಿಸಿ ಹೇಳಿದರು, "ಹದಿನೈದಿದ್ದಿದ್ರೆ ಒತ್ತಡಕ್ಕೆ ಅದು ಬಾಯಿ ಮುಚ್ಕೊಂಡಿರ್ತಿತ್ತು. ನಾವು ಹೊಲಿದು ಕಳಿಸಿದ ಮೇಲೆ ಬಿಟ್ಕೊಳ್ತಿತ್ತು." ಹೊಗಳಿಕೆಯಲ್ಲ, ಕಂಡದ್ದನ್ನು ಹೇಳುವ ದನಿ. ಅವರ ಬಾಯಲ್ಲಿ ಅಷ್ಟು ಬಂದರೆ ಅದೇ ದೊಡ್ಡದು.

"ಗ್ಯಾಸ್ ಬಿಡಿ, ಮೆಲ್ಲಗೆ," ಎಂದಳು ಡಾಕ್ಟರಮ್ಮ. ಹೊಟ್ಟೆ ನಿಧಾನವಾಗಿ ಇಳಿಯಿತು. ಹಿಸುಕಿದ ಕೈ ಸ್ವಲ್ಪ ಹೊತ್ತು ಸಡಿಲಿಸಿ ಕಿಡ್ನಿಗೆ ಉಸಿರು ಕೊಡುವುದು ಅವಳ ರೂಢಿ. ಮಂಚದ ಕೆಳಗಿನ ಚೀಲದಲ್ಲಿ ಮೂತ್ರ ಹನಿಯುತ್ತಿದೆಯೇ ಎಂದು ಬಗ್ಗಿ ನೋಡಿದರು ಮತ್ತಿನ ಡಾಕ್ಟರು. "ಬರ್ತಾ ಇದೆ. ಬಂಗಾರ ಬಂಗಾರ."

ಮತ್ತೆ ಗ್ಯಾಸ್ ತುಂಬಿ ಕರುಳಿನ ಮೊದಲ ತೂತು ಹೊಲಿದಳು. ಎರಡನೆಯದಕ್ಕೆ ಸೂಜಿ ಚುಚ್ಚಿದಾಗ ಹೊರಗೆ ಗಾಜು ಒಡೆದ ಸದ್ದಾಯಿತು.

*

ಮೇಸ್ತ್ರಿಗೆ ಇಬ್ಬರು ತಮ್ಮಂದಿರು. ಸಿಮೆಂಟು ಗೋದಾಮಿನಲ್ಲಿ ಮೂಟೆ ಹೊರುವವರು. ಸುದ್ದಿ ತಿಳಿದು ಮೈತುಂಬ ಬೂದಿಯಂಥ ಸಿಮೆಂಟಿನಲ್ಲೇ ಬಂದಿದ್ದರು. ಪೊಲೀಸರು ಇನ್ನೂ ಬಂದಿರಲಿಲ್ಲ. ಬೆಂಚಿನ ಮೇಲೆ ಭಾಮೈದ ಕೂತಿದ್ದ. ಕಾವಲುಗಾರ ಅಡ್ಡ ಬಂದಾಗ ದೊಡ್ಡ ತಮ್ಮ ಅವನನ್ನು ಎತ್ತಿ ನೋಟೀಸು ಹಾಕುವ ಗಾಜಿನ ಪೆಟ್ಟಿಗೆಯ ಮೇಲೆ ಎಸೆದ. ಚಿಕ್ಕವನು ಭಾಮೈದನನ್ನು ನೆಲಕ್ಕೆ ಕೆಡವಿ ಒದೆಯತೊಡಗಿದ. ಮುಖಕ್ಕೆ, ಎದೆಗೆ, ಆಮೇಲೆ ಹೊಟ್ಟೆಗೆ.

"ಬೇಡ್ರೋ! ಹೊಟ್ಟೆಗೆ ಬೇಡ್ರೋ! ಅದು ನಿಮ್ಮಣ್ಣಂದು ಕಣ್ರೋ!" ಎಂದು ಮೇಸ್ತ್ರಿಯ ಹೆಂಡತಿ ತನ್ನ ತಮ್ಮನ ಮೇಲೆ ಅಡ್ಡ ಬಿದ್ದಳು. ಚಿಕ್ಕ ಮೈದುನ ಅವಳನ್ನು ತೋಳು ಹಿಡಿದು ಎಳೆದು ಬಿಸಾಡಿ ಮತ್ತೆ ಒದ್ದ. ಕಸಿ ಮಾಡಿದ ಕಿಡ್ನಿ ಪಕ್ಕೆಲುಬಿನ ಆಸರೆಯಲ್ಲಿ ಇರುವುದಿಲ್ಲ. ಕೆಳಹೊಟ್ಟೆಯ ಬಲಗಡೆ, ಚರ್ಮದ ಹಿಂದೆಯೇ ಇರುತ್ತದೆ. ಸಿಮೆಂಟು ಮೆತ್ತಿದ ಬೂಟು ಅಲ್ಲಿಗೇ ಬಿತ್ತು.

ಅಷ್ಟರಲ್ಲಿ ಯಾರೋ ಹೇಳಿದರು, ಒಳಗೆ ಮೇಸ್ತ್ರಿಯ ಹೊಟ್ಟೆಗೆ ಗ್ಯಾಸ್ ಬಿಡ್ತಿದ್ದಾರೆ ಅಂತ. ಹೇಳಿದವರಿಗೆ ಅದು ಬರೀ ಸುದ್ದಿ. ಕೇಳಿದ ದೊಡ್ಡ ತಮ್ಮನಿಗೆ ಗ್ಯಾಸ್ ಎಂದರೆ ವಿಷ. "ಚಾಕು ತಿಂದೋನಿಗೆ ಗ್ಯಾಸ್ ಬಿಡ್ತಾರಾ? ಕೊಂದೇಬಿಡ್ತಾರಾ ಅಣ್ಣನ್ನ?" ಎಂದು ಡ್ರಿಪ್ ತೂಗುಹಾಕುವ ಕಬ್ಬಿಣದ ಕಂಬ ಕಿತ್ತುಕೊಂಡು ಥಿಯೇಟರಿನ ಬಾಗಿಲಿಗೆ ಅಪ್ಪಳಿಸಿದ. ಮೂರನೇ ಏಟಿಗೆ ಚಿಲಕ ಹಾರಿತು.

ಬಾಗಿಲಲ್ಲಿ ಬಿರುಗಾಳಿ ನಿಂತಿದ್ದರು. ಅರವತ್ತರ ಹತ್ತಿರದ ಮನುಷ್ಯ, ತೆಳ್ಳಗೆ, ಹಸಿರು ಗೌನಿನಲ್ಲಿ. ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದರು.

"ನಿಮ್ಮಣ್ಣ ಬದುಕಬೇಕಾ? ಹಾಗಾದ್ರೆ ಒಳಗೆ ಕಾಲಿಡಬೇಡ."

"ಸರಿಯೋ ಮುದುಕಾ!"

"ಸರಿಯಲ್ಲ."

ಕಂಬ ಬೀಸಿ ಬಂತು. ಚೌಕಟ್ಟು ಹಿಡಿದಿದ್ದ ಬಲಗೈಯ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಒಳಗಿದ್ದವರಿಗೆಲ್ಲ ಕೇಳಿಸಿತು. ಅವರು ಕೂಗಲಿಲ್ಲ. ಎಡಗೈ ಬಿಡಲೂ ಇಲ್ಲ. ಅವರನ್ನು ಭುಜದಿಂದ ತಳ್ಳಿ ಆತ ಒಳಗೆ ನುಗ್ಗಿದ. ಅವನ ಕಣ್ಣಿಗೆ ಮೊದಲು ಬಿದ್ದದ್ದು ಮಿಣುಕುವ ಅಂಕಿಗಳ ಗ್ಯಾಸ್ ಯಂತ್ರ. ಅಣ್ಣನನ್ನು ಕೊಲ್ಲುತ್ತಿರುವುದು ಅದೇ ಎಂದು ಅದರ ಮೇಲೆ ಎರಡು ಏಟು ಹಾಕಿದ. ಕಿಡಿ ಹಾರಿತು. ಯಂತ್ರ ಸತ್ತಿತು.

ಮತ್ತಿನ ಡಾಕ್ಟರು ಒಂದು ಕೈಯಲ್ಲಿ ರೋಗಿಯ ಗಂಟಲ ನಳಿಕೆ ಹಿಡಿದಿದ್ದರು. ಬಿಡುವ ಹಾಗಿರಲಿಲ್ಲ. ಇನ್ನೊಂದು ಕೈಗೆ ಸಿಕ್ಕ ಸ್ಟೀಲಿನ ಬೋಗುಣಿ ಬೀಸಿ ಒಗೆದರು. ಅದು ನುಗ್ಗಿದವನ ಹುಬ್ಬಿಗೆ ಬಡಿದು ರಕ್ತ ಚಿಮ್ಮಿತು. ನಗೆಗಾರರ ಬಾಯಿಂದ ಆ ದಿನ ಬಂದ ಬೈಗುಳಗಳನ್ನು ಸಿಸ್ಟರುಗಳು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಆಗ ಯಾರೂ ನಗಲಿಲ್ಲ. ಆತ ರಕ್ತ ಒರೆಸಿಕೊಳ್ಳಲು ತಡವರಿಸಿದಾಗ ಬಿರುಗಾಳಿ ಹಿಂದಿನಿಂದ ಅವನ ಕುತ್ತಿಗೆಗೆ ಎಡತೋಳು ಸುತ್ತಿ, ತಮ್ಮ ಪೂರ್ತಿ ಭಾರದಿಂದ ಅವನೊಂದಿಗೇ ನೆಲಕ್ಕುರುಳಿದರು. ಹೊರಗಿಂದ ಜನ, ಅವರ ಹಿಂದೆಯೇ ಕೊನೆಗೂ ಬಂದ ಪೊಲೀಸರು, ಅವನನ್ನು ಕಾಲು ಹಿಡಿದು ಎಳೆದೊಯ್ದರು.

ಇಷ್ಟೂ ಹೊತ್ತು ಡಾಕ್ಟರಮ್ಮ ತಲೆ ತಿರುಗಿಸಲಿಲ್ಲ. ಅವಳ ಸೂಜಿ ಕರುಳಿನಲ್ಲಿ ಅರ್ಧ ಹೊಕ್ಕಿತ್ತು. ಪರದೆಯ ಮೇಲೆ ಮೇಸ್ತ್ರಿಯ ಹೊಟ್ಟೆ ಇಳಿಯುತ್ತ ಬಂತು, ಮೇಲ್ಚಾವಣಿ ಕುಸಿಯುವ ಗುಡಿಸಲಿನಂತೆ.

"ಎತ್ತಿ ಸಿಸ್ಟರ್. ಇನ್ನೂ ಎತ್ತಿ."

ಸಿಸ್ಟರ್ ಎರಡು ಇಕ್ಕುಳ ಹಿಡಿದು, ತುಟಿ ಕಚ್ಚಿ, ಹೊಟ್ಟೆಯ ಗೋಡೆಯನ್ನು ತೋಳ್ಬಲದಿಂದಲೇ ಎತ್ತಿ ಹಿಡಿದಳು. ಗ್ಯಾಸೇ ಇಲ್ಲದ, ಅಂಗೈಯಗಲದ ಸಂದಿಯಲ್ಲಿ ಡಾಕ್ಟರಮ್ಮ ಹೊಲಿಗೆ ಎಳೆದಳು, ಗಂಟು ಹಾಕಿದಳು, ಇನ್ನೊಂದು ಹಾಕಿದಳು. ಇನ್ನೆಲ್ಲೂ ಗಾಯವಿಲ್ಲವೆಂದು ಮೊದಲೇ ನೋಡಿಕೊಂಡಿದ್ದು ಒಳ್ಳೆಯದಾಗಿತ್ತು. ತೊಳೆದು, ನಳಿಕೆಗಳನ್ನು ಹೊರತೆಗೆದು, ತೂತುಗಳನ್ನು ಮುಚ್ಚಿದಳು.

ಆದರೆ ಕೂರಲೂ ಪುರಸೊತ್ತಿರಲಿಲ್ಲ. ಹೊರಗೆ ನೆಲದ ಮೇಲೆ ಭಾಮೈದ ಸುಣ್ಣದಂತೆ ಬಿಳಿಚಿದ್ದ. ಕೆಳಹೊಟ್ಟೆಯ ಬಲಗಡೆ ತೆಂಗಿನಕಾಯಿಯಷ್ಟು ದಪ್ಪಗೆ ಊದಿತ್ತು. ನಾಡಿ ಸಿಗುತ್ತಿರಲಿಲ್ಲ. ಇಲ್ಲಿ ಕ್ಯಾಮೆರಾ ಇಲ್ಲ, ಗ್ಯಾಸ್ ಇಲ್ಲ, ಯೋಚನೆಯೂ ಇಲ್ಲ. ಪಕ್ಕದ ಟೇಬಲ್ಲಿನ ಮೇಲೆ ಮಲಗಿಸಿ, ಹಳೆಯ ಗಾಯದ ಗುರುತಿನ ಮೇಲೆಯೇ ಉದ್ದಕ್ಕೆ ಸೀಳಿದಳು. ರಕ್ತ ಮೊಣಕೈವರೆಗೆ ಚಿಮ್ಮಿತು. ಕಿಡ್ನಿ ನಡುವೆ ಎರಡು ಹೋಳಾಗಿತ್ತು, ಬಿಡಿಸಿದ ಕಿತ್ತಳೆ ತೊಳೆಗಳ ಹಾಗೆ. ಉಳಿಸಿದರೆ ಮನುಷ್ಯ ಉಳಿಯುವುದಿಲ್ಲ.

ಅವಳು ನಾಳಗಳನ್ನು ಕಟ್ಟಿ, ಕತ್ತರಿಸಿ, ಅದನ್ನು ತೆಗೆದು ತಟ್ಟೆಗೆ ಹಾಕಿದಳು. ಹಾಕುವ ಮುಂಚೆ ಒಂದು ಗಳಿಗೆ ಅದು ಅವಳ ಅಂಗೈಯಲ್ಲಿತ್ತು, ಇನ್ನೂ ಬಿಸಿಯಾಗಿ. ಇದರ ಜೋಡಿಗೆ ಒಂದಿಷ್ಟೂ ನೋವಾಗದಿರಲಿ ಎಂದು ಅವಳು ಮಧ್ಯಾಹ್ನವಿಡೀ ಯಂತ್ರದ ಅಂಕಿ ಕಾದಿದ್ದಳು. ಇದನ್ನು ಒಂದು ಬೂಟು ಮುಗಿಸಿತ್ತು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗದ ಸಿಟ್ಟು.

*

ಮಾರನೆಯ ದಿನ ಮೇಸ್ತ್ರಿಗೆ ಚೆನ್ನಾಗಿ ಎಚ್ಚರವಾಯಿತು. ಮೂತ್ರದ ಚೀಲ ತುಂಬುತ್ತಿತ್ತು. ಕಿಡ್ನಿ ಒಂದು ಗಳಿಗೆಯೂ ಮುನಿಸಿಕೊಂಡಿರಲಿಲ್ಲ. ಅವನು ಕೇಳಿದ ಮೊದಲ ಮಾತು, "ಅವನು ಮಾತ್ರೆ ನುಂಗಿದ್ನಾ?"

ಹೆಂಡತಿ ಗೋಡೆ ಕಡೆ ತಿರುಗಿದಳು. ಡಾಕ್ಟರಮ್ಮನೇ ಹೇಳಬೇಕಾಯಿತು. ಅವನು ಕೇಳಿಸಿಕೊಂಡ. ಆಮೇಲೆ ಕೈಗೆ ಸಿಕ್ಕ ನೀರಿನ ಜಗ್ಗು ತೆಗೆದು ಎದುರು ಗೋಡೆಗೆ ಎಸೆದ, ಹೊಲಿಗೆಯ ನೋವಿಗೆ ಬಾಗಿ ಹೋದ, ಬಾಗಿಕೊಂಡೇ ಕೂಗಿದ. ಪ್ರಾಣಿ ಕೂಗಿದ ಹಾಗಿತ್ತು. ಪಕ್ಕದ ವಾರ್ಡಿನಿಂದ ಜನ ಇಣುಕಿದರು.

ಹೇಳಿಕೆ ಪಡೆಯಲು ಪೊಲೀಸಪ್ಪ ಬಂದಾಗ ಹೆಂಡತಿ ಕೈ ಮುಗಿದಳು. "ರೀ, ಕಾಲಿಗೆ ಬೀಳ್ತೀನಿ, ಯಾರ ಹೆಸರೂ ಹೇಳಬೇಡಿ. ಆ ಕಡೆ ನನ್ನ ತಮ್ಮ, ಈ ಕಡೆ ನಿಮ್ಮ ತಮ್ಮಂದಿರು. ಯಾರು ಒಳಗೆ ಹೋದ್ರೂ ನನ್ನ ಮನೇನೇ ಹಾಳು."

"ಹೇಳ್ತೀನಿ," ಎಂದ ಮೇಸ್ತ್ರಿ. "ಸ್ವಾಮಿ, ಬರ್ಕೊಳ್ಳಿ. ನನಗೆ ಚಾಕು ಹಾಕಿದ್ದು ಭಾಮೈದ. ಅದಕ್ಕೆ ಮುಂಚೆ ಅವನಿಗೆ ನಾಯಿಗೆ ಹೊಡೆದ ಹಾಗೆ ಹೊಡೆದಿದ್ದು ನಾನು. ನನ್ನ ಕಿಡ್ನಿ ಒದ್ದು ಕೊಂದಿದ್ದು ನನ್ನ ತಮ್ಮಂದಿರು. ಮೂರೂ ಬರ್ಕೊಳ್ಳಿ, ಒಂದೂ ಬಿಡಬೇಡಿ."

ಪೊಲೀಸಪ್ಪ ಪೆನ್ನು ಕಚ್ಚಿದ. ಕಿಡ್ನಿ ಕೊಂದದ್ದಕ್ಕೆ ಯಾವ ಕಲಂ ಹಾಕುವುದೋ ಅವನಿಗೆ ತಿಳಿಯಲಿಲ್ಲ.

ತಮ್ಮಂದಿರಿಬ್ಬರೂ ಜೈಲಿಗೆ ಹೋದರು. ಭಾಮೈದನ ಮೇಲೂ ಮೊಕದ್ದಮೆಯಾಯಿತು. ಆದರೆ ಅವನನ್ನು ಇಡಲು ಜೈಲಿಗೆ ಇಷ್ಟವಿರಲಿಲ್ಲ, ಯಾಕೆಂದರೆ ವಾರದಲ್ಲಿ ಹಲವು ಸಲ ಅವನ ರಕ್ತವನ್ನು ಯಂತ್ರದಲ್ಲಿ ತೊಳೆಯಬೇಕಾಗಿತ್ತು. ಅದಕ್ಕಾಗಿ ಜೈಲಿನಿಂದ ಆಸ್ಪತ್ರೆಯ ಡಯಾಲಿಸಿಸ್ ಕೋಣೆಗೆ ಪೇದೆಯ ಜೊತೆ ಬರುತ್ತಿದ್ದ. ಬಿರುಗಾಳಿಯ ಬಲಗೈ ಕೂಡಿಕೊಂಡರೂ ಎರಡು ಬೆರಳು ಮಡಚುವುದನ್ನು ಮರೆತವು. ಅವರು ಚಾಕು ಕೆಳಗಿಟ್ಟರು. ಬಂದು ಡಾಕ್ಟರಮ್ಮನ ಹಿಂದೆ ನಿಂತು ಹುಡುಗ ಡಾಕ್ಟರುಗಳಿಗೆ ಪಾಠ ಹೇಳುತ್ತಿದ್ದರು. ಹೊಸ ಯಂತ್ರದ ಅಂಕಿಯ ಬಗ್ಗೆ ಇನ್ನೂ ಜಗಳವಾಡುತ್ತಿದ್ದರು. ಹತ್ತರವರೆಗೆ ಇಳಿದಿದ್ದರು, ಎಂಟಕ್ಕೆ ಒಪ್ಪಿರಲಿಲ್ಲ.

ಗಾಯ ಮಾಗಿದ ಮೇಲೆ ಮೇಸ್ತ್ರಿ ಒಂದು ಬೆಳಿಗ್ಗೆ ತಪಾಸಣೆಗೆ ಬಂದ. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ಚೆನ್ನಾಗಿದೆ ಎಂದಳು. ಅವನು ಅಂಗಿ ಇಳಿಸಿಕೊಂಡು ಹೊರಗೆ ಹೋಗುವ ಬದಲು ಡಯಾಲಿಸಿಸ್ ಕೋಣೆಯ ಕಡೆ ತಿರುಗಿದ. ಅವಳು ಕೈಲಿದ್ದ ಚೀಟಿ ಅಲ್ಲೇ ಬಿಟ್ಟು ಎದ್ದಳು. ಹಿಂದೆಯೇ ಹೋದಳು.

ಭಾಮೈದನ ಒಂದು ಕೈಗೆ ಮಂಚಕ್ಕೆ ಬಿಗಿದ ಕೋಳ, ಇನ್ನೊಂದು ತೋಳಿಗೆ ಎರಡು ದಪ್ಪ ಸೂಜಿ. ಅವನ ರಕ್ತ ನಳಿಕೆಯಲ್ಲಿ ಹೋಗಿ ಬರುತ್ತಿತ್ತು. ಪೇದೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಭಾವನನ್ನು ಕಂಡು ಭಾಮೈದ ಎದ್ದು ಕೂರಲು ನೋಡಿದ.

"ಹೊಡಿ ಭಾವ," ಎಂದ. "ಹೊಡೆದುಬಿಡು. ಇಲ್ದಿದ್ರೆ ನನಗೆ ನಿದ್ದೆ ಬರಲ್ಲ."

ಮೇಸ್ತ್ರಿ ಹೊಡೆದ. ಸೀಟಿನ ಚರ್ಮ ಎಳೆದು ಎಳೆದು ಹಲಗೆಯಾಗಿದ್ದ ಅಂಗೈ ಕೆನ್ನೆಗೆ ಬಿದ್ದ ರಭಸಕ್ಕೆ ಭಾಮೈದ ಪಕ್ಕಕ್ಕೆ ಒರಗಿದ, ತೋಳಿನ ಸೂಜಿಯೊಂದು ಕಿತ್ತು ಬಂತು, ರಕ್ತ ಕಾರಂಜಿಯಂತೆ ಹಾರಿ ಮೇಸ್ತ್ರಿಯ ಮುಖಕ್ಕೇ ಬಡಿಯಿತು. ಯಂತ್ರ ಕಿರುಚಿಕೊಂಡಿತು. ಪೇದೆ ಎಡವಿಕೊಂಡು ಎದ್ದ.

ಡಾಕ್ಟರಮ್ಮ ಓಡಿ ಬರುವಷ್ಟರಲ್ಲಿ ಮೇಸ್ತ್ರಿ ಮಂಡಿಯೂರಿದ್ದ. ಎರಡೂ ಹೆಬ್ಬೆರಳನ್ನು ರಕ್ತ ಚಿಮ್ಮುವ ಜಾಗಕ್ಕೆ ಒತ್ತಿ ಹಿಡಿದಿದ್ದ. ಉಸಿರು ಬಿಗಿಹಿಡಿದು, ಕಣ್ಣು ಮಿಟುಕಿಸದೆ.

"ಹಾಗಲ್ಲ, ಇಷ್ಟು ಜೋರಾಗಿ ಒತ್ತಬಾರದು," ಎಂದಳು ಅವಳು, ಅವನ ಕೈಯ ಮೇಲೆ ತನ್ನ ಕೈಯಿಟ್ಟು. "ಪೂರ್ತಿ ಬಂದ್ ಮಾಡಿದ್ರೆ ನಾಳ ಕಟ್ಟಿಕೊಳ್ಳುತ್ತೆ. ರಕ್ತ ನಿಲ್ಲೋಷ್ಟು ಮಾತ್ರ. ಬೆರಳ ಕೆಳಗೆ ನಾಡಿ ಗೊತ್ತಾಗ್ತಾ ಇರಬೇಕು. ಗೊತ್ತಾಯ್ತಾ?"

ಅವನು ಸ್ವಲ್ಪ ಸಡಿಲಿಸಿದ. "ಹೂಂ," ಎಂದ. "ಹೊಡ್ಕೊಳ್ತಿದೆ."

"ಹಾಗೇ ಹಿಡ್ಕೊಂಡಿರಿ."

ಸಿಸ್ಟರ್ ಹತ್ತಿ, ಪಟ್ಟಿ ತಂದಳು. ಪೇದೆ ಮೇಸ್ತ್ರಿಯ ಭುಜಕ್ಕೆ ಕೈ ಹಾಕಲು ಬಂದ. ಡಾಕ್ಟರಮ್ಮ ತಲೆ ಅಲ್ಲಾಡಿಸಿ ಅವನನ್ನು ದೂರ ನಿಲ್ಲಿಸಿದಳು. ಭಾಮೈದ ಕೆನ್ನೆಯನ್ನು ದಿಂಬಿಗೆ ಒತ್ತಿಕೊಂಡು ಸದ್ದಿಲ್ಲದೆ ಅಳುತ್ತಿದ್ದ. ಮೇಸ್ತ್ರಿ ಅವನ ಮುಖ ನೋಡಲಿಲ್ಲ. ರಕ್ತ ನಿಲ್ಲುವವರೆಗೂ ಆ ತೋಳನ್ನು ಹಿಡಿದೇ ಇದ್ದ.